ಪಟ್ಟ ಬಂತು, ಪಿಯಾನೊ ತಪ್ಪಿತು

ಮೈಸೂರು ಅಂದ್ರೆ ವೀಣೆ ಶೇಷಣ್ಣ, ವಾಸುದೇವಾಚಾರ್ಯ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಮೈಸೂರಿನ ಕಡೆಯ ಮಹಾರಾಜರು ತಾವು ಏನಾಗಬೇಕು ಅಂದುಕೊಂಡಿದ್ದರು ಗೊತ್ತೆ? ಪಿಯಾನೊ ವಾದಕ! ಅದೂ ಅರಮನೆಯೊಳಗೆ ಹೊತ್ತು ಕಳೆಯೋಕಲ್ಲ, ಸಭೆಯಲ್ಲಿ ಕೂತು ಕಚೇರಿ ಕೊಡೋಕೆ.

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಪಿಯಾನೊ ಹುಚ್ಚು ಎಳವೆಯಲ್ಲೇ ಹತ್ತಿತು. ಇದು ಸಿನಿಮಾ ಹೀರೋ ಒಂದು ಕೈಯಲ್ಲಿ ತಟ್ಟಿ ಹಾಡುವ ಪೆಟ್ಟಿಗೆಯಲ್ಲ. ಕಪ್ಪು ಬಿಳಿ ಸೇರಿ 88 ಮನೆಗಳು, ಬಲಗೈ ಒಂದು ದಾರಿ, ಎಡಗೈ ಇನ್ನೊಂದು, ಕಾಲಿಗೆ ಬೇರೆ ಕೆಲಸ. ಅರ್ಧ ಗಂಟೆಯ ಕೃತಿಯನ್ನು ಪುಸ್ತಕ ನೋಡದೆ ನುಡಿಸಬೇಕು. ದಿನಾ ನಾಲ್ಕೈದು ಗಂಟೆ, ವರ್ಷಗಟ್ಟಲೆ ಸಾಧನೆ. ನಾಲ್ಕು ದಿನ ಬಿಟ್ಟರೆ ಬೆರಳು ಮುನಿಸಿಕೊಳ್ಳುತ್ತೆ.

ಇವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಕೂಡ. ಆದರೆ 1940 ಬಂತು. ಮಾರ್ಚ್‌ನಲ್ಲಿ ತಂದೆ ಯುವರಾಜರು ಹೋದರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು. 21ರ ಹುಡುಗನ ತಲೆಗೆ ಪಟ್ಟ. ದರ್ಬಾರು, ದಿವಾನರು, ಕಡತ; ಇನ್ನು ನಾಲ್ಕೈದು ಗಂಟೆ ಎಲ್ಲಿಂದ ತರೋದು?

ಬೇರೆಯವರಾಗಿದ್ದರೆ ಪಿಯಾನೊಗೆ ಬಟ್ಟೆ ಹೊದಿಸಿ ಸುಮ್ಮನಾಗುತ್ತಿದ್ದರು. ಇವರ ಕಣ್ಣು ಲಂಡನ್ನಿನಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾದಕ, ರಚನಕಾರರ ಮೇಲೆ ಬಿತ್ತು. ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯಾದ ಮೇಲೆ 1921ರಲ್ಲಿ ದೇಶ ಬಿಟ್ಟವರು. ಜಗತ್ಪ್ರಸಿದ್ಧ ರಖ್ಮಾನಿನಾಫರ ಆಪ್ತ ಗೆಳೆಯ. ವಿದ್ವತ್ತು ಬೇಕಾದಷ್ಟು, ಕೈಯಲ್ಲಿ ಕಾಸಿಲ್ಲ, ಜೊತೆಗೆ ಹೃದಯದ ಕಾಯಿಲೆ. ಅವರ ಸಂಗೀತ ಮಾರುಕಟ್ಟೆಯಲ್ಲಿ ಓಡುವ ಸರಕೂ ಅಲ್ಲ.

ಮಹಾರಾಜರು ದುಡ್ಡು ಬಿಚ್ಚಿದರು. ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್.ಎಂ.ವಿ., ಅದೇ ನಮ್ಮ ನಾಯಿ ಮಾರ್ಕಿನ ಪ್ಲೇಟು ಕಂಪನಿ, ಮೂರು ಆಲ್ಬಂ ಹೊರತಂದಿತು. 1947ರಲ್ಲಿ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು ದೊಡ್ಡ ವಾದ್ಯವೃಂದದ ಜೊತೆ ಮೆಟ್ನರ್ ತಾವೇ ನುಡಿಸಿದರು. ಮೂರನೆಯದು ಮೈಸೂರು ಮಹಾರಾಜರಿಗೇ ಅರ್ಪಿತ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಸ್ವಲ್ಪ ತಡವಾಗಿದ್ದರೂ ಆ ಕನ್ಸರ್ಟೊಗಳು ಬರೆದವರ ಬೆರಳಲ್ಲೇ ಹೇಗಿದ್ದವು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಎಲ್ಲಿಯ ಮೈಸೂರು, ಎಲ್ಲಿಯ ಮೆಟ್ನರ್, ರಾಜರ ದುಡ್ಡು ಅಂದ್ರೆ ಊರವರ ದುಡ್ಡಲ್ಲವೆ ಅಂತ ಕೇಳೋರು ಕೇಳಬಹುದು. ಕೇಳೋದು ತಪ್ಪೂ ಅಲ್ಲ. ಆದರೆ ಅರಮನೆಗಳಲ್ಲಿ ಬೇಟೆಗೂ ಕಾರಿಗೂ ಸುರಿದ ದುಡ್ಡನ್ನು ನೆನೆದರೆ ಇದು ದುಂದು ಅನ್ನಿಸೋದಿಲ್ಲ.

ಒಡೆಯರ್ ಆಮೇಲೆ ಕರ್ನಾಟಕ ಸಂಗೀತಕ್ಕೆ ಹೊರಳಿ 94 ಕೃತಿ ರಚಿಸಿದರು. ತೀರಿಕೊಂಡಿದ್ದು 1974ರಲ್ಲಿ, 55ನೇ ವಯಸ್ಸಿಗೆ. ಮೆಟ್ನರ್ ಪ್ಲೇಟುಗಳು ಮುಂದೆ ಸಿ.ಡಿ.ಯಲ್ಲೂ ಬಂದವು.