ಸೀರೆ ಅದೇ, ಜಂಪರ್ ಬ್ಯಾರೆ

ಹೋದ ವಾರ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅವ್ವನ ಜೊತೆ ನನ್ನ ಅಂಗಡಿಗೆ ಬಂದಳು. ಮೊಬೈಲ್ ತೆಗೆದು ಒಂದೊಂದೇ ಫೋಟೊ ಸರಿಸುತ್ತ ಹೋದಳು. ಒಂದರಲ್ಲಿ ತೋಳು ಚೆಂದ, ಇನ್ನೊಂದರಲ್ಲಿ ಬೆನ್ನು, ಮತ್ತೊಂದರಲ್ಲಿ ಕೊರಳು. "ಅಕ್ಕಾರ, ಈ ಮೂರೂ ಒಂದ ಬ್ಲೌಸಿನಾಗ ಬರಬೇಕ್ರಿ" ಅಂದಳು. ಪಕ್ಕದಲ್ಲಿ ಕೂತ ಅವ್ವನ ಮಡಿಲಲ್ಲಿ ಒಂದು ಇಳಕಲ್ ಸೀರೆ ಇತ್ತು. ಮೂವತ್ತು ವರ್ಷದ ಹಿಂದೆ ತನ್ನ ಮದುವೆಯ ಅಕ್ಕಿಕಾಳಿನ ಹೊತ್ತಿಗೆ ಆಕೆ ಉಟ್ಟದ್ದು. ಮಗಳು ಉಡುವುದೂ ಅದನ್ನೇ.

ಧಾರವಾಡದಲ್ಲಿ ನಾನು ಬ್ಲೌಸ್ ಹೊಲಿಯಲು ಕೂತದ್ದು 1991ರಲ್ಲಿ. ಅದಕ್ಕೂ ಮೊದಲು ಅವ್ವನ ಪಕ್ಕ ಕೂತು ಹುಕ್ಕು ಹಚ್ಚುತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇದು: ಸೀರೆ ಈಗಲೂ ಅದೇ ಐದೂವರೆ ಮೀಟರ್, ಅದಕ್ಕೆ ಹೊಲಿಗೆಯ ಹಂಗಿಲ್ಲ. ಅದರ ಜೊತೆಗೆ ಬರುವ ಎಂಬತ್ತು ಸೆಂಟಿಮೀಟರ್ ತುಂಡು ಮಾತ್ರ ಈ ವರ್ಷ ಇದ್ದಂತೆ ಮುಂದಿನ ವರ್ಷ ಇರುವುದಿಲ್ಲ. ಸಿನಿಮಾ, ಟಿವಿ, ಈಗ ರೀಲ್ಸ್, ಯಾವುದರ ಗಾಳಿ ಬೀಸಿದರೂ ಮೊದಲು ಅಲುಗುವುದು ಬ್ಲೌಸು. ನಮ್ಮ ಹುಡುಗಿಯರು ಇವತ್ತಿಗೂ ಆಸೆಪಟ್ಟು ಸೀರೆ ಉಡುತ್ತಿದ್ದರೆ, ಅದರ ಪುಣ್ಯ ಈ ತುಂಡು ಬಟ್ಟೆಯದು.

ಬ್ಲೌಸಿಗೆ, ಜಂಪರಿಗೆ ನಮ್ಮ ಕಡೆ ಹಳೆಯ ಹೆಸರು ಕುಬಸ. ಬಸುರಿ ಹೆಣ್ಣಿಗೆ ಮಾಡುವ ಶಾಸ್ತ್ರಕ್ಕೂ ಕುಬಸ ಅಂತಲೇ ಹೆಸರು. ಆಕೆಗೆ ಕೊಡುವ ಬಟ್ಟೆಯೇ ಹಬ್ಬಕ್ಕೆ ಹೆಸರಾಗಿಬಿಟ್ಟಿದೆ. ಕುಬಸದ ಬಟ್ಟೆ ಗುಳೇದಗುಡ್ಡದ ಖಣ. ಬಾಗಲಕೋಟೆ ಜಿಲ್ಲೆಯ ಈ ಊರಿನ ನೇಕಾರರು ಕುಬಸಕ್ಕೆಂದೇ ಖಣ ನೇಯ್ದರು. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಎಂದು ನೇಯ್ಗೆಯ ಚಿತ್ತಾರಗಳಿಗೆ ಹೆಸರಿಟ್ಟರು. ಖಣದ ದಡಿ ತೋಳಿನ ಅಂಚಿಗೆ ಬರುವಂತೆ ಕತ್ತರಿಸುವುದು, ಒಂದು ಚೂರೂ ಹಾಳಾಗದಂತೆ ಬಗಲಿಗೆ ತುಂಡು ಕೂಡಿಸುವುದು, ಹುಕ್ಕಿಲ್ಲದೆ ಮುಂದೆ ಗಂಟು ಕಟ್ಟುವುದು, ಇದು ನನ್ನಜ್ಜಿಯ ಕಾಲದ ಲೆಕ್ಕ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರಿನ ಜೊತೆ ಖಣ ಇರಲೇಬೇಕು.

ಆಮೇಲೆ ಅದೇ ಖಣ ಟ್ರಂಕಿನ ತಳ ಸೇರಿತು. ಉಡಿಯಲ್ಲಿ ಬಂದದ್ದನ್ನು ಇನ್ನೊಬ್ಬರ ಉಡಿಗೆ ದಾಟಿಸುವುದಷ್ಟೇ ಉಳಿದಿತ್ತು. ಎಂಟು-ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಮತ್ತೆ ಮೇಲೆದ್ದು ಬಂದಿದೆ. ಕಾಲೇಜು ಹುಡುಗಿಯರು ಖಣದ ಕುರ್ತಾ ಹೊಲಿಸುತ್ತಾರೆ, ಕೂಸುಗಳಿಗೆ ಖಣದ ಲಂಗ, ಕೈಚೀಲ, ಕಿವಿಯೋಲೆ, ಬಳೆ. ಕೊರೊನಾ ಕಾಲದಲ್ಲಿ ನಾನೇ ಖಣದ ಮಾಸ್ಕ್ ಹೊಲಿದು ಕೊಟ್ಟಿದ್ದೇನೆ. ಮಹಾರಾಷ್ಟ್ರದಲ್ಲಂತೂ ಇಡೀ ಖಣದ ಸೀರೆಯೇ ಓಡುತ್ತಿದೆ. ಗುಳೇದಗುಡ್ಡ ಖಣಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಫ್ಯಾಶನ್ ಎಂದರೆ ಹಾಳುಮಾಡುವಂಥದ್ದು ಎನ್ನುವ ಹಿರಿಯರಿಗೆ ನಾನು ಖಣ ತೋರಿಸುತ್ತೇನೆ. ಟ್ರಂಕಿನಿಂದ ಅದನ್ನು ಎತ್ತಿ ತಂದದ್ದು ಫ್ಯಾಶನ್ನೇ.

ಕುಬಸ ನಮ್ಮಲ್ಲಿ ಹಳೆಯದು, ಬಂಗಾಳದ ಕಥೆ ಬೇರೆ. ಅಲ್ಲಿ ಸೀರೆಯೊಳಗೆ ಹೊಲಿದ ಜಾಕೀಟು ತೊಡುವ ರೂಢಿಗೆ ದಾರಿ ಮಾಡಿದವರು ರವೀಂದ್ರನಾಥ ಟ್ಯಾಗೋರರ ಅತ್ತಿಗೆ ಜ್ಞಾನದಾನಂದಿನಿ ದೇವಿ. ಮುಂಬಯಿಯಲ್ಲಿದ್ದಾಗ ಪಾರ್ಸಿ ಹೆಂಗಸರು ಉಡುವ ರೀತಿ ನೋಡಿ ಆಕೆ ತನ್ನದೊಂದು ರೀತಿ ಮಾಡಿಕೊಂಡರು. ಆಕೆಯ ಗಂಡ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು. ಒಬ್ಬಾಕೆ ತೊಟ್ಟದ್ದನ್ನು ಕಂಡು ಇನ್ನೊಬ್ಬಾಕೆ ತೊಡುವುದು ಸಿನಿಮಾಕ್ಕಿಂತ ಹಳೆಯದು.

ಅವ್ವನ ಕಾಲಕ್ಕೆ ಸಿನಿಮಾ ನಟಿ ಕಲ್ಪನಾ. 'ಶರಪಂಜರ' ನೋಡಿ ಬಂದ ಹೆಂಗಸರು ಕಲ್ಪನಾ ತೊಟ್ಟಂಥ ಜಂಪರ್ ಬೇಕೆಂದು ಅವ್ವನ ಮುಂದೆ ಕೂರುತ್ತಿದ್ದರಂತೆ. ಆಗ ಮಾದರಿ ಎಂದರೆ ನೆನಪು. ಆಮೇಲೆ ಸಿನಿಮಾ ಪತ್ರಿಕೆಯ ಹಾಳೆ ಮಡಚಿ ತರುವ ಕಾಲ ಬಂತು. ಹಾಳೆಯಲ್ಲಿ ನಾಯಕಿಯ ಮುಂಭಾಗ ಮಾತ್ರ ಇರುತ್ತಿತ್ತು, ಬೆನ್ನು ಹೇಗಿದೆಯೋ ದೇವರಿಗೇ ಗೊತ್ತು. ಹೀಗಾಗಿ ಒಂದೇ ಓಣಿಯಲ್ಲಿ ಒಬ್ಬಳೇ ನಾಯಕಿಯ ಬ್ಲೌಸಿಗೆ ನಾಲ್ಕು ಥರದ ಬೆನ್ನು ಇರುತ್ತಿದ್ದವು. ಪ್ರತಿ ಟೇಲರ್ ತನ್ನ ಬುದ್ಧಿ ಓಡಿಸಬೇಕಿತ್ತು. ಆ ಕಾಲ ನನಗೆ ಬಹಳ ಪ್ರೀತಿ.

ಬೆನ್ನಿನ ಮಾತು ಬಂದರೆ 1994 ನೆನಪಾಗುತ್ತದೆ. 'ಹಮ್ ಆಪ್ಕೆ ಹೈ ಕೌನ್' ಸಿನಿಮಾದಲ್ಲಿ ಮಾಧುರಿ ದೀಕ್ಷಿತ್ ನೇರಳೆ ಸ್ಯಾಟಿನ್ ಸೀರೆಯುಟ್ಟು ಕುಣಿದದ್ದೇ ತಡ, ಊರಿಗೆ ಊರೇ ನೇರಳೆಯಾಯಿತು. ಮ್ಯಾಚಿಂಗ್ ಸೆಂಟರಿನಲ್ಲಿ ಟೂ ಬೈ ಟೂ ಬಟ್ಟೆಯ ಥಾನುಗಳು ಕಾಮನಬಿಲ್ಲಿನ ಹಾಗೆ ಸಾಲಾಗಿ ನಿಂತಿದ್ದರೂ ನೇರಳೆಯ ಜಾಗ ಮಾತ್ರ ಖಾಲಿ. ಒಬ್ಬ ಹುಡುಗಿ ಬೆನ್ನಿನ ಕಟ್ ಬಾಯಿಪಾಠ ಮಾಡಲೆಂದೇ ಎರಡು ಸಲ ಸಿನಿಮಾ ನೋಡಿ, ಪೇಪರಿನ ಅಂಚಿನ ಮೇಲೆ ಬರೆದು ತಂದಿದ್ದಳು. ಹಿಂದೆಯೇ ಅವಳಜ್ಜಿ ಬಂದರು. "ಬೆನ್ನ ಬಿಟ್ಟು ಹೊಲದ್ರ ನಿನಗ ರೊಕ್ಕಾ ಕೊಡೂದಿಲ್ಲ ನೋಡವಾ" ಅಂದರು. ನಾನು ಬೆನ್ನು ಆಳವಾಗಿ ಕತ್ತರಿಸಿ, ಮೇಲೆ ಅದೇ ಬಣ್ಣದ ನೆಟ್ ಬಟ್ಟೆ ಕೂಡಿಸಿಕೊಟ್ಟೆ. ಮೊಮ್ಮಗಳಿಗೆ ಬೆನ್ನು ಕಾಣಿಸಿತು, ಅಜ್ಜಿಗೆ ಬಟ್ಟೆ ಕಾಣಿಸಿತು. ಆ ಶ್ರಾವಣದಿಂದ ದೀಪಾವಳಿವರೆಗೆ ನೆಟ್ ಬೆನ್ನಿನ ಬ್ಲೌಸ್ ಹೊಲಿದು ಹೊಲಿದು ನನ್ನ ಹೆಬ್ಬೆರಳು ದಡ್ಡುಗಟ್ಟಿತ್ತು.

ಆಳದ ಬೆನ್ನಿಗೆ ಡೋರಿ, ಅಂದರೆ ಹಿಂದೆ ಕಟ್ಟುವ ದಾರ, ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಬ್ಲೌಸ್ ನಿಲ್ಲುವುದು ಭುಜದ ಮೇಲೆ. ಭುಜವನ್ನು ಹಿಂದಿನಿಂದ ಹಿಡಿದಿರುವುದು ಬೆನ್ನಿನ ಬಟ್ಟೆ. ಅದನ್ನು ತೆಗೆದರೆ ಭುಜ ಎರಡೂ ಕಡೆ ಜಾರುತ್ತದೆ, ಡೋರಿ ಅದನ್ನು ಎಳೆದು ನಿಲ್ಲಿಸುತ್ತದೆ. ಅದರ ತುದಿಗೆ ತೂಗುವ ಲಟ್ಕನ್ ಬರೀ ಚೆಂದಕ್ಕೆ, ಡೋರಿ ಕೆಲಸಕ್ಕೆ. ಮುಂದೆ ಬೋಟ್ ನೆಕ್, ಹಿಂದೆ ಆಳದ ಬೆನ್ನು ಬೇಕು ಎನ್ನುವವರಿಗೆ ನಾನು ಮೊದಲು ಭುಜದ ಅಳತೆಯನ್ನು ಎರಡು ಸಲ ಹಿಡಿಯುವುದು ಇದಕ್ಕೇ.

ಟಿವಿಯ ಕಾಲ ಬೇಗ ಹೇಳಿ ಮುಗಿಸುತ್ತೇನೆ. 2000ದ ನಂತರ ಧಾರಾವಾಹಿಗಳ ಅತ್ತೆ-ಸೊಸೆಯರು ಮನೆಯೊಳಗೆ ಬಂದರು. "ನಿನ್ನಿ ಎಪಿಸೋಡಿನಾಗ ಆಕಿ ತೊಟ್ಟಿದ್ಲಲ್ಲ" ಅಂದರೆ ಸಾಕು, ಬೇರೆ ವಿವರಣೆ ಬೇಡ. ಸಿನಿಮಾದ ಬ್ಲೌಸ್ ಒಂದು ಹಾಡಿಗೆ ಬಂದು ಹೋಗುತ್ತಿತ್ತು, ಧಾರಾವಾಹಿಯದು ದಿನವೂ ಬಂತು. ಹಬ್ಬಕ್ಕೊಂದು ಹೊಲಿಸುತ್ತಿದ್ದವರು ತಿಂಗಳಿಗೊಂದು ಹೊಲಿಸತೊಡಗಿದರು.

ಈಗಿನ ಹುಡುಗಿಯರ ಆಸೆ ಪಫ್ ತೋಳು. 1981ರಲ್ಲಿ ಲಂಡನ್ನಿನಲ್ಲಿ ಡಯಾನಾ ಮದುವೆಯಾದಾಗ ಅವರ ಗೌನಿನ ತೋಳು ಬಲೂನಿನಂತೆ ಉಬ್ಬಿದ್ದನ್ನು ಜಗತ್ತೇ ನೋಡಿತ್ತು. ಆ ದಶಕದಲ್ಲಿ ನಮ್ಮಲ್ಲೂ ಪಫ್ ಇತ್ತು, ಆಮೇಲೆ ಹೋಯಿತು, ಈಗ ಬಂದಿದೆ. ಪಫ್‌ಗೆ ತೋಳಿನ ಸುತ್ತಳತೆಗಿಂತ ಅರ್ಧದಷ್ಟಾದರೂ ಹೆಚ್ಚು ಬಟ್ಟೆ ಬೇಕು. ಅದನ್ನು ನೆರಿಗೆ ಹಿಡಿದು ಭುಜಕ್ಕೆ ಕೂಡಿಸಬೇಕು, ಒಳಗೆ ಗಟ್ಟಿ ಅಸ್ತರು ಕೊಡಬೇಕು, ಇಲ್ಲದಿದ್ದರೆ ಒಗೆದ ಮೇಲೆ ಬಾಡಿದ ಹೂವಿನಂತೆ ಮಲಗುತ್ತದೆ. ಒಬ್ಬ ಹುಡುಗಿ "ಇದು ಲೇಟೆಸ್ಟ್ ರೀ" ಅಂದಾಗ ಅವಳವ್ವ ಮಾತಾಡದೆ ಮನೆಗೆ ಹೋಗಿ ತನ್ನ ಮದುವೆ ಅಲ್ಬಮ್ ತಂದು ಮೇಜಿನ ಮೇಲೆ ತೆರೆದಿಟ್ಟಳು. ಅದೇ ತೋಳು! ಮೂವರೂ ನಕ್ಕೆವು. ಆ ಫೋಟೊ ನೋಡಿಯೇ ಹೊಲಿದೆ.

ಮದುವೆಯ ಬ್ಲೌಸೆಂದರೆ ಈಗ ಆರಿ ವರ್ಕ್. ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಕೊಕ್ಕೆಮೊನೆಯ ಸೂಜಿಯಲ್ಲಿ ಕೆಳಗಿನ ದಾರ ಮೇಲೆಳೆದು ಸರಪಳಿ ಹಾಕುತ್ತ, ಮಣಿ, ಜರಿ ಕೂಡಿಸುತ್ತ ಹೋಗುವುದು. ನನ್ನ ಓಣಿಯಲ್ಲೇ ಈ ಕೆಲಸ ಮಾಡುವ ಐವರು ಹೆಣ್ಣುಮಕ್ಕಳಿದ್ದಾರೆ, ಸೀರೆಗೆ ಕುಚ್ಚು ಕಟ್ಟುವವರು ಬೇರೆ. ರೀಲ್ಸ್ ನೋಡಿ ಹುಟ್ಟಿದ ಆಸೆ ಇವರ ಮಕ್ಕಳ ಶಾಲೆಯ ಫೀ ಕಟ್ಟುತ್ತಿದೆ. ಹೀಗಾಗಿ "ಬ್ಲೌಸಿಗೆ ಇಷ್ಟು ಸಾವಿರ ಯಾಕೆ" ಎಂದು ಯಾರಾದರೂ ಕೇಳಿದರೆ ನಾನು ಚೌಕಟ್ಟಿನ ಮುಂದೆ ಕರೆದೊಯ್ದು ಕೂಡಿಸುತ್ತೇನೆ. ಹತ್ತು ನಿಮಿಷದಲ್ಲಿ ಒಂದು ಎಲೆಯೂ ಮುಗಿದಿರುವುದಿಲ್ಲ.

ಆರಿಯಲ್ಲಿ ಒಂದು ಪೇಚಿದೆ. ಮೊದಲು ಅಳತೆಯ ಗುರುತು, ಆಮೇಲೆ ಕಸೂತಿ, ಕೊನೆಗೆ ಕತ್ತರಿ. ಗುರುತು ಹಾಕಿದ ಮೇಲೆ ಮದುಮಗಳು ತೆಳ್ಳಗಾದರೆ ಹಿಡಿಯಬಹುದು, ದಪ್ಪಗಾದರೆ ಬಿಡಲು ಬಟ್ಟೆ ಬೇಕಲ್ಲ? ಹೋದ ವಾರದ ಹುಡುಗಿಗೂ ಇದನ್ನೇ ಹೇಳಿದೆ. ಅವಳ ಪಫ್ ತೋಳು, ಬೋಟ್ ನೆಕ್, ಡೋರಿ ಮೂರನ್ನೂ ಕೊಡುತ್ತೇನೆ. ಜೊತೆಗೆ ಅವಳವ್ವನ ಹಳೆಯ ಜಂಪರನ್ನೂ ಬಿಚ್ಚಿ ನೋಡಿದೆ. ಅದನ್ನು ಹೊಲಿದವರು ಎರಡೂ ಬದಿಗೆ ಒಂದೊಂದು ಇಂಚು ಒಳಗೆ ಮಡಚಿ ಬಿಟ್ಟಿದ್ದರು. ಮೂವತ್ತು ವರ್ಷ ಬೆಳಕು ಕಾಣದ ಆ ಬಟ್ಟೆಯ ಬಣ್ಣ ನಿನ್ನೆ ನೇಯ್ದಂತಿತ್ತು. ಅದನ್ನು ಮಗಳ ಅಳತೆಗೆ ಬಿಟ್ಟು ಕೊಡುತ್ತಿದ್ದೇನೆ, ಸಂಜೆಯ ಆರತಕ್ಷತೆಗೆ ಅದೇ.

ಮುಂದಿನ ಸಲ ಬ್ಲೌಸ್ ಹೊಲಿಸುವಾಗ ಯಾವ ನಾಯಕಿಯ ಫೋಟೊವನ್ನಾದರೂ ಒಯ್ಯಿರಿ, ಸಂಕೋಚ ಬೇಡ. ಟೇಲರ್‌ಗೆ ಒಂದು ಮಾತು ಮಾತ್ರ ಬಾಯಿಬಿಟ್ಟು ಹೇಳಿ: ಎರಡೂ ಬದಿಗೆ ಒಂದೊಂದು ಇಂಚು ಮಾರ್ಜಿನ್ ಬಿಡಿ.