ಬೊರಿವಲಿಯಲ್ಲಿ ಕ್ಯಾಮರಾ ಹಿಡಿಯುವ ಮುನ್ನ

ನಮ್ಮ ಬಳಗದ ಗೆಳೆಯನೊಬ್ಬ ಹುಟ್ಟಿ ಬೆಳೆದ ಚಾಳು ಬೊರಿವಲಿ ಪಶ್ಚಿಮದಲ್ಲಿದೆ. ಮಳೆಗಾಲ ಮುಗಿದ ಮೇಲೆ ಅದನ್ನು ಕೆಡವುತ್ತಾರೆ. ಅಷ್ಟರೊಳಗೆ ಅದರ ಮರದ ಮೆಟ್ಟಿಲು, ಉದ್ದನೆಯ ಗ್ಯಾಲರಿ, ಎದುರಿನ ಗಲ್ಲಿ ಎಲ್ಲವನ್ನೂ ಹತ್ತು ನಿಮಿಷದ ಚಿತ್ರ ಮಾಡಿಡೋಣ ಅಂತ ನಾಲ್ವರು ಹೊರಟೆವು. ಗಲ್ಲಿಯಲ್ಲಿ ಸ್ಟ್ಯಾಂಡ್ ನಿಲ್ಲಿಸುವಷ್ಟರಲ್ಲೇ ಪಕ್ಕದ ಸೊಸಾಯಟಿಯ ವಾಚ್‌ಮನ್ ಬಂದ: "ಪರ್ಮಿಶನ್ ಆಹೇ ಕಾ?" ಬೇಕೋ ಬೇಡವೋ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ತೆಪ್ಪಗೆ ವಾಪಸು ಬಂದೆವು. ಆಮೇಲೆ ಓದಿ, ವಿಚಾರಿಸಿ ತಿಳಿದದ್ದು ಇಷ್ಟು.

ಕಟ್ಟಡದ ಚಿತ್ರ ತೆಗೆಯುವುದೇ ತಪ್ಪೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಟ್ಟಡದ ಫೋಟೋ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಕಾಯಮ್ಮಾಗಿರುವ ಶಿಲ್ಪ ಮುಂತಾದ ಕಲಾಕೃತಿಯನ್ನು ಸಿನಿಮಾದಲ್ಲಿ ತೋರಿಸುವುದೂ ಅಲ್ಲ. ಹಾಗಾದರೆ ಅಪ್ಪಣೆ ಯಾತಕ್ಕೆ? ನೋಡುವ ಕಟ್ಟಡಕ್ಕಲ್ಲ, ನಾವು ನಿಲ್ಲುವ ನೆಲಕ್ಕೆ; ನಾವು ಅಡ್ಡಗಟ್ಟುವ ದಾರಿಗೆ. ಕೈಯಲ್ಲಿ ಮೊಬೈಲು ಹಿಡಿದು ಯಾರಿಗೂ ಅಡ್ಡಿಯಾಗದೆ ನಿಂತವನ ಮಾತು ಬೇರೆ. ಸ್ಟ್ಯಾಂಡು, ದೀಪ, ನಟರು, ಜನಜಂಗುಳಿ ಬಂತೆಂದರೆ ಅದು ರಸ್ತೆಯ ಬಳಕೆಯಾಗುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದದ್ದು: ಈ ನೆಲದ ಒಡೆಯ ಯಾರು? ಬೊರಿವಲಿಯೊಂದರಲ್ಲೇ ಎಷ್ಟು ಒಡೆಯರು, ನೋಡಿ. ರಸ್ತೆಗೂ ಉದ್ಯಾನಕ್ಕೂ ಮಹಾನಗರಪಾಲಿಕೆಯ ಆರ್-ಮಧ್ಯ ವಾರ್ಡು. ಜೊತೆಗೆ ಪೋಲೀಸ್ ಠಾಣೆ. ವಾಹನ ತಡೆಯುವುದಾದರೆ ಟ್ರಾಫಿಕ್ ಪೋಲೀಸರು. ಸ್ಟೇಶನ್ನಿನ ಪ್ಲಾಟ್‌ಫಾರಂ, ಸೇತುವೆಗಳಿಗೆ ಪಶ್ಚಿಮ ರೈಲ್ವೆ. ಸಿನಿಮಾದ ಅರ್ಜಿ ಚರ್ಚ್‌ಗೇಟಿನ ಮುಖ್ಯ ಕಚೇರಿಗೆ ಹೋಗಬೇಕು. ಪಶ್ಚಿಮದ ಮಂಡಪೇಶ್ವರ ಗುಹೆಗಳು ಕೇಂದ್ರದ ಪುರಾತತ್ವ ಇಲಾಖೆಯವು. ಅಲ್ಲಿ ಸ್ಟ್ಯಾಂಡ್ ಇಡುವುದಕ್ಕೂ ಕೇಳಬೇಕು, ಸಿನಿಮಾಕ್ಕಂತೂ ಲೈಸೆನ್ಸೇ ಬೇಕು. ಕಾನ್ಹೇರಿ ಗುಹೆಗಳಲ್ಲಿ ಇಬ್ಬರು ಒಡೆಯರು. ಗುಹೆ ಪುರಾತತ್ವ ಇಲಾಖೆಯದು, ಸುತ್ತಲ ಕಾಡು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಟಿಕೇಟು ತೆಗೆದು ಹೋದವರ ಫೋಟೋ ಬೇರೆ, ಚಿತ್ರೀಕರಣ ಬೇರೆ. ಒಂದು ಇಲಾಖೆಯ ಕಾಗದ ಇನ್ನೊಂದರ ಬಾಗಿಲು ತೆರೆಯುವುದಿಲ್ಲ.

ಅರ್ಜಿಯಲ್ಲಿ ಕಥೆಯ ಸಾರಾಂಶ, ದಿನ, ವೇಳೆ, ಜನರ ಸಂಖ್ಯೆ, ಸಾಮಾನು, ಎಲ್ಲಿ ನಿಲ್ಲುತ್ತೀರಿ ಅನ್ನುವ ಸಣ್ಣ ನಕ್ಷೆ ಇರಲಿ. ವಿದ್ಯಾರ್ಥಿಗಳಾದರೆ ಕಾಲೇಜಿನ ಪತ್ರ ಲಗತ್ತಿಸಿ. ಡ್ರೋನ್ ಹಾರಿಸುವ ಆಸೆಯಿದ್ದರೆ 2021ರ ಡ್ರೋನ್ ನಿಯಮಗಳನ್ನೂ ಪೋಲೀಸರ ಆಜ್ಞೆಗಳನ್ನೂ ಮೊದಲು ಓದಿ.

ಇನ್ನು ಚಾಳಿನ ಒಳಗೆ? ಅದು ಖಾಸಗಿ ಜಾಗ. ಮಾಲೀಕರ ಒಪ್ಪಿಗೆ ಬೇಕು, ವಾಸ ಇರುವವರದ್ದೂ ಬೇಕು. ಈ ಸಲ ನಾವು ಮೊದಲೇ ಪ್ರತಿ ಖೋಲಿಯ ಬಾಗಿಲು ತಟ್ಟಿದೆವು. ಎಲ್ಲರೂ ಹೂಂ ಅಂದರು. ಮೂಲೆಯ ಖೋಲಿಯ ಮಂಗಳೂರು ಕಡೆಯ ಅಜ್ಜಿಯೊಬ್ಬರು ಮಾತ್ರ, "ಗ್ಯಾಲರಿ ತೆಗೀರಿ ಮಕ್ಕಳೇ, ನನ್ನ ಮುಖ ಬೇಡ" ಅಂದರು. ಯಾವ ಕಚೇರಿಯ ಸಿಕ್ಕೆಯೂ ಈ ಮಾತನ್ನು ಮೀರುವುದಕ್ಕಾಗದು. ಅವರ ಬಾಗಿಲಲ್ಲಿ ಒಣಗುವ ಸೀರೆಯನ್ನಾದರೂ ತೆಗೆಯಬಹುದೇ ಎಂದು ಕೇಳಿದೆವು. ನಕ್ಕು ಒಪ್ಪಿದರು.

ವಾರ್ಡಿಗೂ ಠಾಣೆಗೂ ಅರ್ಜಿ ಕೊಟ್ಟಾಗಿದೆ. ಹಾರೆ ಪಿಕಾಸಿ ಬರುವ ಮೊದಲು ಅಪ್ಪಣೆ ಬರಬೇಕು, ಅಷ್ಟೇ.