ಮೊದಲು ಊಹೆ, ಆಮೇಲೆ ಪ್ರಯೋಗ

ಭೌತಶಾಸ್ತ್ರದ ಪಾಠ ಮಕ್ಕಳ ಮನಸ್ಸನ್ನು ಹಿಡಿಯಬೇಕಾದರೆ ಪ್ರಯೋಗ ಮಾಡಿ ತೋರಿಸಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ತೋರಿಸಿದ ಮಾತ್ರಕ್ಕೆ ಕಲಿತರೆಂದು ಹೇಳಬಹುದೇ ಎಂದು ಕೇಳುವವರು ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಕ್ರೌಚ್, ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಪ್ರಯೋಗವನ್ನು ಸುಮ್ಮನೆ ಕೂತು ನೋಡಿದವರ ತಿಳಿವಳಿಕೆ, ಅದನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಇರಲಿಲ್ಲ. ಏನಾಗುತ್ತದೆಂದು ಮೊದಲು ಊಹಿಸಿ ಆಮೇಲೆ ನೋಡಿದವರು ಮಾತ್ರ ಎದ್ದು ಕಾಣುವಷ್ಟು ಮುಂದಿದ್ದರು. ಹಾಗಾದರೆ ಪಾಠ ಯೋಜನೆಯಲ್ಲಿ ಸಾಮಗ್ರಿಗಳ ಪಟ್ಟಿಗಿಂತ ಮೊದಲು ಬರಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ.

ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರಿನಲ್ಲಿ ಒಂಬತ್ತನೇ ತರಗತಿಗೆ ‘ಶಬ್ದ’ದ ಪಾಠ ಎಂದಿಟ್ಟುಕೊಳ್ಳಿ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಸೀಮೆ ಇದು. ಭಜನೆಯವರ ಏಕತಾರಿ ಒಂದು ದಿನದ ಮಟ್ಟಿಗೆ ಶಾಲೆಗೆ ಬರುವುದು ಕಷ್ಟವಲ್ಲ. ಶಿಕ್ಷಕರು ತಂತಿಯನ್ನು ಮುಟ್ಟುವ ಮೊದಲೇ ಕೇಳಬೇಕು: ಜೋರಾಗಿ ಮೀಟಿದರೆ ಸ್ವರ ಏರುತ್ತದೆಯೋ, ಅಲ್ಲೇ ಇರುತ್ತದೆಯೋ? ಪ್ರತಿಯೊಬ್ಬರೂ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ಪಕ್ಕದವರ ಜೊತೆ ವಾದ ಮಾಡಲಿ. ಜೋರು ದನಿ ಮತ್ತು ಏರು ಸ್ವರ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಸಾಮಾನ್ಯ. ಈ ಪ್ರಶ್ನೆಯ ಬೆಲೆ ಇರುವುದೂ ಅಲ್ಲೇ. ಎಲ್ಲರೂ ಸರಿ ಉತ್ತರ ಹೇಳುವ ಪ್ರಶ್ನೆಯಿಂದ ಹೊತ್ತು ಹೋಗುತ್ತದೆ, ಅಷ್ಟೇ. ಮೀಟಿ ನೋಡಿದಾಗ ದನಿ ಮಾತ್ರ ಜೋರಾಗುತ್ತದೆ. ಬಿರಡೆ ತಿರುಪಿ ತಂತಿ ಬಿಗಿದಾಗ ಸ್ವರ ಏರುತ್ತದೆ. ಪಾರ, ಆವೃತ್ತಿ ಎಂಬ ಪಠ್ಯದ ಮಾತುಗಳನ್ನು ಆಗ ಹೇಳಿದರೆ ಅವು ಕೂರಲು ಜಾಗವಿರುತ್ತದೆ. (ತಂತಿಯನ್ನು ಅತಿಯಾಗಿ ಎಳೆದುಬಿಟ್ಟರೆ ಬಿಗಿ ಹೆಚ್ಚಿ ಸ್ವರವೂ ಚೂರು ಏರೀತು. ಹಿಂದಿನ ದಿನವೇ ಒಮ್ಮೆ ಮೀಟಿ ನೋಡಿಕೊಂಡಿರುವುದು ಕ್ಷೇಮ.)

‘ಇದಕ್ಕೆಲ್ಲ ಹೊತ್ತೆಲ್ಲಿದೆ, ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಪೋರ್ಷನ್ ಮುಗಿಸಬೇಡವೇ’ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಪೋರ್ಷನ್ ಮುಗಿಯುವುದೂ ಕಲಿಕೆ ಆಗುವುದೂ ಬೇರೆ ಬೇರೆ. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶ ಒಟ್ಟುಗೂಡಿಸಿದರು. ಅದರಲ್ಲಿ ಪ್ರೌಢಶಾಲೆಗಳೂ ಇದ್ದವು. ಯಂತ್ರವಿಜ್ಞಾನದಲ್ಲಿ ಮೊದಲು ಗೊತ್ತಿಲ್ಲದಿದ್ದುದರಲ್ಲಿ ಎಷ್ಟು ಪಾಲು ಕಲಿತರು ಎಂದು ಅಳೆದಾಗ, ಬರೀ ಉಪನ್ಯಾಸ ಕೇಳಿದ ತರಗತಿಗಳ ಸರಾಸರಿ ಶೇ. 23, ಮಕ್ಕಳೇ ಯೋಚಿಸಿ ಚರ್ಚಿಸಿದ ತರಗತಿಗಳದ್ದು ಶೇ. 48. ಊಹೆ ಬರೆಸಲು ಬೇಕಾದದ್ದು ಎರಡು ಮೂರು ನಿಮಿಷ. ‘ಅದು ಅಮೆರಿಕ, ನಮ್ಮ ಹಳ್ಳಿಯಲ್ಲಿ ಪ್ರಯೋಗಾಲಯ ಎಲ್ಲಿ?’ ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಕಡೆ ನೋಡಬಹುದು. ಅಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ, ಅಗ್ಗದ ಸಾಮಗ್ರಿಗಳಿಂದಲೇ ಮಕ್ಕಳು ಪ್ರಯೋಗ ಮಾಡಿ ಕಲಿಯುವಂತೆ ಮಾಡಿ ಮೂವತ್ತು ವರ್ಷ ನಡೆಯಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತೆಂಬುದೂ ನಿಜ. ಇಂಥ ಪ್ರಯತ್ನ ಇಲಾಖೆಯ ಬೆಂಬಲವಿಲ್ಲದೆ ಉಳಿಯುವುದು ಕಷ್ಟ.

ಪ್ರತಿ ಪಿರಿಯಡ್ಡೂ ಹೀಗಿರಬೇಕಿಲ್ಲ. ಏಕಮಾನ, ವ್ಯಾಖ್ಯೆ, ಲೆಕ್ಕ ಮಾಡುವ ಕ್ರಮ ಇವನ್ನು ನೇರವಾಗಿ ಹೇಳಿಕೊಡುವುದೇ ಲೇಸು. ಓಮ್‌ ಎಂಬ ಹೆಸರನ್ನು ಯಾರೂ ಊಹಿಸಿ ಕಂಡುಕೊಳ್ಳಲಾರರು. ಮಕ್ಕಳ ನಂಬಿಕೆಗೂ ನಿಸರ್ಗದ ನಡತೆಗೂ ತಾಕಲಾಟವಿರುವ ಕಡೆಗಳನ್ನು ಘಟಕಕ್ಕೆ ಒಂದೆರಡರಂತೆ ಆರಿಸಿಕೊಂಡರೆ ಸಾಕು. ಏಕತಾರಿ ಮುಗಿದ ಮೇಲೆ ಅದೇ ಭಜನೆಯವರ ತಬಲಾ ಮುಂದಿನ ಪ್ರಶ್ನೆ ಒದಗಿಸುತ್ತದೆ: ಹಲಗೆ ಬರೀ ಸದ್ದು ಮಾಡುವಾಗ ತಬಲಾಕ್ಕೆ ಸ್ವರ ಎಲ್ಲಿಂದ ಬಂತು? ಸಿ.ವಿ. ರಾಮನ್ 1920ರಲ್ಲೇ ಸಹೋದ್ಯೋಗಿಯೊಬ್ಬರ ಜೊತೆ ಇದರ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಚರ್ಮದ ನಡುವೆ ಮೆತ್ತಿದ ಕರಣೆಯ ಭಾರವೇ ಅದರ ಕಂಪನಗಳನ್ನು ಸ್ವರಕ್ಕೆ ಹೊಂದಿಸುತ್ತದೆ ಎಂಬ ಉತ್ತರವನ್ನು ಶಿಕ್ಷಕರು ಒಂದು ದಿನ ತಡೆದಿಟ್ಟುಕೊಳ್ಳಲಿ.